ಕಾಸರಗೋಡಿನ ತೋಟದ ಮನೆಗೆ ದಿಲ್ಲಿ ಚಾನೆಲ್ ಬರುವ ದಾರಿ

ಕೇರಳದಲ್ಲಿದ್ದವರು ಮಲಯಾಳಂ ಟಿವಿಯನ್ನೇ ನೋಡುವುದಾ ಎಂದು ಕೇಳಿದ್ದೀರಿ. ಮಲಯಾಳಂ ಉಂಟು, ಕನ್ನಡವೂ ಉಂಟು, ದಿಲ್ಲಿಯ ಡಿಡಿ ನ್ಯಾಷನಲ್ ಕೂಡ ಉಂಟು. ಪೆರ್ಲ, ಬದಿಯಡ್ಕ, ಮುಳ್ಳೇರಿಯದ ಒಳಗಿನ ತೋಟದ ಒಂಟಿ ಮನೆಗಳಿಗೆ ಕೇಬಲ್ ಎಳೆಯುವುದು ಕಷ್ಟ. ಅಂಥ ಕಡೆ ದೂರದರ್ಶನದ ಉಚಿತ ಉಪಗ್ರಹ ಸೇವೆ ಡಿಡಿ ಫ್ರೀ ಡಿಶ್ ಅನುಕೂಲ. ತಿಂಗಳ ದುಡ್ಡಿಲ್ಲ; ನ್ಯಾಷನಲ್, ಬೆಂಗಳೂರಿನ ಚಂದನ, ತಿರುವನಂತಪುರದ ಡಿಡಿ ಮಲಯಾಳಂ ಮೂರೂ ಒಂದೇ ಡಿಶ್ಶಿನಲ್ಲಿ ಬರುತ್ತವೆ.

ನ್ಯಾಷನಲ್‌ನಲ್ಲಿ ವಾರ್ತೆ, ಧಾರಾವಾಹಿ, ಹಾಡು, ಸಿನಿಮಾ ಎಲ್ಲ ಕಲಸಿಕೊಂಡಿರುತ್ತದೆ. ದಿನವಿಡೀ ಅದನ್ನೇ ಹಾಕಿಟ್ಟು ಕೂರುವ ಮನೆ ಇಲ್ಲಿ ಇರಲಿಕ್ಕಿಲ್ಲ. ಜನವರಿ 26ರ ಪೆರೇಡ್, ಆಗಸ್ಟ್ 15ರ ಕೆಂಪುಕೋಟೆ, ಫೆಬ್ರವರಿ 1ರ ಹನ್ನೊಂದು ಗಂಟೆಯ ಬಜೆಟ್ ಭಾಷಣಕ್ಕೆ ಮಾತ್ರ ರಿಮೋಟ್ ತಾನಾಗಿ ಅತ್ತ ತಿರುಗುತ್ತದೆ. ಹಿಂದಿ ದೊಡ್ಡ ತೊಡಕಲ್ಲ. ಇಲ್ಲಿನ ಕನ್ನಡ ಮಾಧ್ಯಮದ ಮಕ್ಕಳೂ ಐದನೇ ಕ್ಲಾಸಿನಿಂದ ಹಿಂದಿ ಕಲಿಯುತ್ತಾರೆ. ತೊಡಕು ಬರುವುದು ವಿಷಯದಲ್ಲಿ. ದೂರದರ್ಶನದ ರೈತರ ಕಾರ್ಯಕ್ರಮ ಕೃಷಿ ದರ್ಶನ ಶುರುವಾದದ್ದು 1967ರ ಜನವರಿ 26ಕ್ಕೆ, 2015ರಲ್ಲಿ ಕಿಸಾನ್ ಎಂಬ ಬೇರೆ ಚಾನೆಲ್ಲೇ ಬಂತು. ಆದರೆ ಉತ್ತರದ ಗೋಧಿ, ಸಾಸಿವೆ ಕಟ್ಟಿಕೊಂಡು ನಮಗೇನು? ನಮಗೆ ಕೊಳೆರೋಗ ಬಾರದಂತೆ ಮಳೆಗಾಲದ ಮೊದಲು ಅಡಕೆಗೆ ಹೊಡೆಯುವ ಬೋರ್ಡೋ ದ್ರಾವಣದ ಮಾತು ಬೇಕು: ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಕೊಳೆರೋಗದ ಮಾತಿಗೆ ಚಂದನವೇ ಹತ್ತಿರ. ಇಲ್ಲವಾದರೆ ಕಾಸರಗೋಡಿನಲ್ಲೇ ಇರುವ ತೋಟದ ಬೆಳೆಗಳ ಸಂಶೋಧನಾ ಕೇಂದ್ರ, ಸಿಪಿಸಿಆರ್‌ಐ.

ಇನ್ನು ಡಿಶ್ ಕೂರಿಸುವ ಕೆಲಸ. ಫ್ರೀ ಡಿಶ್ ಬರುವುದು ಪೂರ್ವ ರೇಖಾಂಶ 93.5 ಡಿಗ್ರಿಯ ಜಿಸ್ಯಾಟ್-15 ಉಪಗ್ರಹದಿಂದ. ಕಾಸರಗೋಡಿನಿಂದ ಅದರ ದಿಕ್ಕು ಉತ್ತರದಿಂದ ಬಲಕ್ಕೆ ಸುಮಾರು 123 ಡಿಗ್ರಿ, ಅಂದರೆ ಆಗ್ನೇಯಕ್ಕಿಂತ ತುಸು ಪೂರ್ವಕ್ಕೆ. ಬಾನಂಚಿನಿಂದ ಎತ್ತರ ಸುಮಾರು 64 ಡಿಗ್ರಿ. ಡಿಶ್ ನೋಡಿದರೆ ಅಷ್ಟು ಮೇಲೆ ಮುಖ ಮಾಡಿದ ಹಾಗೆ ಕಾಣುವುದಿಲ್ಲ, ಅದು ಆಫ್‌ಸೆಟ್ ಡಿಶ್, ಅಂದರೆ ಅದರ ನೋಟ ಮುಖಕ್ಕಿಂತ ಮೇಲಕ್ಕಿರುತ್ತದೆ. ಅದನ್ನು ಕಂಡು ಇನ್ನಷ್ಟು ಮೇಲಕ್ಕೆತ್ತಿ ಕೆಡಿಸುವವರುಂಟು. ಉಪಗ್ರಹ ಇಷ್ಟು ಮೇಲಿರುವುದರಿಂದ ಪೂರ್ವದ ಗುಡ್ಡೆ ಅಡ್ಡ ಬರುವುದಿಲ್ಲ. ಅಡ್ಡ ಬರುವುದು ತೆಂಗು, ಕಂಗು (ಅಡಕೆ ಮರ). ಡಿಶ್ಶಿಗಿಂತ ಮರ ಎಷ್ಟು ಮೇಲಿದೆಯೋ ಅದರ ಅರ್ಧದಷ್ಟಾದರೂ ದೂರ ಬೇಕು: ಹದಿನೈದು ಮೀಟರ್ ಮೇಲಿದ್ದರೆ ಏಳೂವರೆ ಮೀಟರ್. ಸೋಗೆ ಬೆಳೆಯುತ್ತದೆ, ಗಾಳಿಗೆ ಬಾಗುತ್ತದೆ, ಹಾಗಾಗಿ ಇನ್ನೂ ಒಂದೆರಡು ಮೀಟರ್ ಬಿಟ್ಟರೆ ಒಳ್ಳೆಯದು.

ಟಿವಿಗೆ ಜೋಡಿಸುವ ಪೆಟ್ಟಿಗೆಯ (ಸೆಟ್-ಟಾಪ್ ಬಾಕ್ಸ್) ಮೆನುವಿನಲ್ಲಿ ಯೂನಿವರ್ಸಲ್ ಎಲ್‌ಎನ್‌ಬಿ (9750/10600) ಆರಿಸಿ ಫ್ರೀಕ್ವೆನ್ಸಿ 11090, ಪೋಲರೈಸೇಶನ್ ವರ್ಟಿಕಲ್, ಸಿಂಬಲ್ ರೇಟ್ 29500 ಕೊಡಿ. ಎಲ್‌ಎನ್‌ಬಿ ಅಂದರೆ ಡಿಶ್ಶಿನ ಮುಂದೆ ಹಿಡಿಕೆಯಲ್ಲಿರುವ, ಸಿಗ್ನಲ್ ಹಿಡಿಯುವ ತಲೆ. ನೋಡಬೇಕಾದದ್ದು ಕ್ವಾಲಿಟಿ ಗೆರೆ. ಸಿಗ್ನಲ್ ಸ್ಟ್ರೆಂತ್ ಡಿಶ್ ಎತ್ತ ತಿರುಗಿದ್ದರೂ ಒಂದಿಷ್ಟು ತೋರಿಸುತ್ತದೆ, ನಂಬಬೇಡಿ. ಡಿಶ್ಶನ್ನು ಕೂದಲೆಳೆಯಷ್ಟೇ ಸರಿಸಿ ಎರಡು ಸೆಕೆಂಡ್ ಕಾಯಿರಿ. ಪೆಟ್ಟಿಗೆಗೆ ಲಾಕ್ ಆಗಲಿಕ್ಕೆ ಅಷ್ಟು ಹೊತ್ತು ಬೇಕು. ಕ್ವಾಲಿಟಿ ಬಂದ ಮೇಲೆ ಎಲ್‌ಎನ್‌ಬಿಯನ್ನು ಹಿಡಿಕೆಯಲ್ಲೇ ನಿಧಾನ ತಿರುಗಿಸಿ. ನಮ್ಮ ಊರು ಸಮಭಾಜಕಕ್ಕೆ ಹತ್ತಿರ, ಉಪಗ್ರಹ ಪೂರ್ವಕ್ಕೆ ವಾಲಿದೆ. ಹೀಗಾಗಿ ಎಲ್‌ಎನ್‌ಬಿ ಸಾಕಷ್ಟು ಓರೆಯಾಗಬೇಕು, ನೆಟ್ಟಗೆ ನಿಲ್ಲಿಸಿದರೆ ಅರ್ಧ ಸಿಗ್ನಲ್ ಅಲ್ಲೇ ಹೋಯಿತು.

ಜೂನ್ ಬಂದರೆ ಗಲಾಟೆ. ಫ್ರೀ ಡಿಶ್ ಬರುವ ಕೆಯು ಬ್ಯಾಂಡಿನ ಅಲೆಯನ್ನು ಜೋರು ಮಳೆ ನುಂಗುತ್ತದೆ. ಚಿತ್ರ ಚೌಕಚೌಕವಾಗಿ ಒಡೆದು ನಿಲ್ಲುತ್ತದೆ. ಮಳೆ ನಿಂತು ಐದು ನಿಮಿಷದಲ್ಲಿ ಸರಿಯಾದರೆ ಡಿಶ್ ಮುಟ್ಟಲೇಬೇಡಿ. ಸರಿಯಾಗದಿದ್ದರೆ ಕೇಬಲ್ ತುದಿಯ ಎಫ್ ಕನೆಕ್ಟರ್ ಬಿಚ್ಚಿ: ಒಳಗಿನ ತಾಮ್ರದ ತಂತಿಗೆ ಹಸಿರು ಕಿಲುಬು ಹಿಡಿದಿದ್ದರೆ ನೀರು ಇಳಿದಿದೆ. ಎರಡಿಂಚು ಕತ್ತರಿಸಿ ಹೊಸ ಕನೆಕ್ಟರ್ ಹಾಕಿ, ಟೇಪನ್ನು ಕೆಳಗಿನಿಂದ ಮೇಲಕ್ಕೆ ಸುತ್ತಿ. ಮೇಲಿನಿಂದ ಸುತ್ತಿದರೆ ಪದರದ ಸಂದಿಗೆ ನೀರು ನುಗ್ಗುತ್ತದೆ. ಗೋಡೆಯೊಳಗೆ ಹೋಗುವ ಮೊದಲು ಕೇಬಲನ್ನು ಒಮ್ಮೆ ಕೆಳಗೆ ಜೋತು ಬಿಡಿ, ನೀರು ಅಲ್ಲೇ ತೊಟ್ಟಿಕ್ಕಲಿ. ಎಲ್‌ಎನ್‌ಬಿಯ ಬಾಯಲ್ಲಿ ಕಣಜ ಗೂಡು ಕಟ್ಟಿದೆಯಾ ಎಂದೂ ನೋಡಿ, ಕೈ ಹಾಕುವ ಮೊದಲೇ.

ಹೊಸ ಪೆಟ್ಟಿಗೆ ಕೊಳ್ಳುವುದಾದರೆ ಎಂಪೆಗ್-4 (ಚಿತ್ರವನ್ನು ಕುಗ್ಗಿಸಿ ಕಳಿಸುವ ಹೊಸ ರೀತಿ) ಎಂದು ಕೇಳಿ ತನ್ನಿ. ಹಳೆಯ ಎಂಪೆಗ್-2 ಪೆಟ್ಟಿಗೆಯಲ್ಲಿ ಎಲ್ಲ ಚಾನೆಲ್ ಸಿಗುವುದಿಲ್ಲ. ಖಾಸಗಿ ಚಾನೆಲ್‌ಗಳ ಜಾಗ ವರ್ಷವರ್ಷ ಹರಾಜಾಗುವುದರಿಂದ ಏಪ್ರಿಲ್ 1ರ ಹೊತ್ತಿಗೆ ನಿನ್ನೆ ಬಂದದ್ದು ಇಂದು ಮಾಯ. ಆಗ ಡಿಶ್ ಅಲುಗಾಡಿಸಲಿಕ್ಕೆ ಮನೆಯ ಮಾಡು ಹತ್ತಬೇಡಿ, ಕೆಳಗೆ ಕೂತು ಮತ್ತೊಮ್ಮೆ ಸ್ಕ್ಯಾನ್ ಕೊಡಿ.