‘ನಿಜ ಹೇಳಮ್ಮಾ, ಇಟ್ಟಿದ್ದು ನೀನೇ ತಾನೆ?’

ಪ್ರಿಯ ಓದುಗರೇ,

ಕ್ರಿಸ್‌ಮಸ್ ತಾತನ ಹೆಸರಲ್ಲಿ ಬಂದ ಕಾಗದವನ್ನು ನೋಡಿ ನಿಮ್ಮ ಆರೂವರೆ ವರ್ಷದ ಮಗಳು ‘ಇದು ಅಮ್ಮನ ಅಕ್ಷರದ ಥರಾನೇ ಇದೆ’ ಎಂದಳು. ಇನ್ನೆರಡು ವರ್ಷ ನಂಬಲಿ ಬಿಡು ಎನ್ನುತ್ತಾರೆ ನಿಮ್ಮ ಯಜಮಾನರು. ಇಷ್ಟು ದಿನ ಮಗುವಿಗೆ ಸುಳ್ಳು ಹೇಳಿದಂತಾಯಿತೇ, ಈ ಸಲ ಎಡಗೈಯಲ್ಲಿ ಬರೆಯಲೇ ಎಂದು ನೀವು ಕೇಳಿದ್ದೀರಿ.

ಇಷ್ಟು ದಿನ ಮಾಡಿದ್ದರಲ್ಲಿ ತಪ್ಪಿಲ್ಲ. ತಪ್ಪು ಶುರುವಾಗುವುದು ಎಡಗೈಯಿಂದ.

ಆಂಡರ್ಸನ್ ಮತ್ತು ಪ್ರೆಂಟಿಸ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಸಾಂತಾ ಕ್ಲಾಸನ ಗುಟ್ಟು ತಿಳಿದಿದ್ದ 52 ಮಕ್ಕಳನ್ನೂ ಅವರ ತಂದೆತಾಯಿಯರನ್ನೂ ಮಾತಾಡಿಸಿ 1994ರಲ್ಲಿ ವರದಿ ಮಾಡಿದರು. ಹೆಚ್ಚಿನವರಿಗೆ ಗುಟ್ಟು ತಾನಾಗಿಯೇ ಹೊಳೆದದ್ದು ಏಳರ ಆಸುಪಾಸಿನಲ್ಲಿ. ಒಟ್ಟಾರೆ ಮಕ್ಕಳು ಅದನ್ನು ಖುಷಿಯಿಂದಲೇ ತೆಗೆದುಕೊಂಡಿದ್ದರು. ಬೇಜಾರಾಗಿದ್ದು ದೊಡ್ಡವರಿಗೆ! ‘ಇನ್ನೆರಡು ವರ್ಷ’ ಬೇಕಾಗಿರುವುದು ಯಾರಿಗೆ ಎಂದು ನಿಮ್ಮ ಯಜಮಾನರನ್ನು ಮೆಲ್ಲಗೆ ಕೇಳಿ ನೋಡಿ.

ಮಕ್ಕಳು ನಂಬುವುದು ದಡ್ಡತನದಿಂದಲ್ಲ. ವೂಲಿ ಎಂಬ ಮನಶ್ಶಾಸ್ತ್ರಜ್ಞೆ ಮತ್ತು ಸಂಗಡಿಗರು ಹ್ಯಾಲೋವೀನ್ ಹಬ್ಬಕ್ಕೆಂದು ‘ಮಿಠಾಯಿ ಮಾಟಗಾತಿ’ಯನ್ನು ಹೊಸದಾಗಿ ಸೃಷ್ಟಿಸಿ ಪುಟಾಣಿಗಳಿಗೆ ಪರಿಚಯಿಸಿದರು, 2004ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಆಕೆ ರಾತ್ರಿ ಬಂದು ಮಿಠಾಯಿ ಒಯ್ದು ಆಟಿಕೆ ಇಟ್ಟು ಹೋಗುತ್ತಾಳಂತೆ. ಅನೇಕ ಮಕ್ಕಳು ನಂಬಿದರು. ತಂದೆತಾಯಿ ನಿಜವಾಗಿಯೂ ರಾತ್ರಿ ಅದಲುಬದಲು ಮಾಡಿಟ್ಟ ಮನೆಗಳಲ್ಲಿ, ಅದರಲ್ಲೂ ಸ್ವಲ್ಪ ದೊಡ್ಡ ಮಕ್ಕಳಲ್ಲಿ, ನಂಬಿಕೆ ಇನ್ನೂ ಗಟ್ಟಿಯಾಗಿತ್ತು. ಸಾಕ್ಷಿ ನೋಡಿ ತೀರ್ಮಾನಿಸುವ ಬುದ್ಧಿ ಮಕ್ಕಳಿಗಿದೆ. ಆ ಸಾಕ್ಷಿಯನ್ನು ಹುಟ್ಟುಹಾಕುವವರು ನಾವು.

ಹಾಗಾಗಿ ಪ್ರಶ್ನೆಯ ಬಗೆಯನ್ನು ಗಮನಿಸಿ. ‘ಚಿಮಣಿಯೇ ಇಲ್ಲದ ಮನೆಗೆ ತಾತ ಹೇಗೆ ಬರ್ತಾನೆ?’ ಎಂದು ಕೇಳುವ ಮಗು ಕತೆಯ ಒಳಗೇ ಇದೆ. ‘ನಿನಗೇನನ್ನಿಸುತ್ತೆ?’ ಎಂದರೆ ಸಾಕು, ನಿಮಗಿಂತ ಚೆಂದದ ಉತ್ತರ ಅದೇ ಕೊಡುತ್ತದೆ. ‘ನಿಜ ಹೇಳು, ಇಟ್ಟಿದ್ದು ನೀನೇ ತಾನೆ?’ ಎನ್ನುವ ಮಗು ಕತೆಯಿಂದ ಹೊರಗೆ ಬಂದು ನಿಂತಿದೆ. ಅದಕ್ಕೂ ಒಂದು ಸಲ ‘ಯಾಕೆ ಹಾಗನ್ನಿಸಿತು?’ ಎನ್ನಬಹುದು. ಎರಡನೇ ಸಲ ಕೇಳಿದರೆ ಅವತ್ತೇ ಹೇಳಿಬಿಡಿ. ನಿದ್ದೆಗೆ ಜಾರುವ ಹೊತ್ತಲ್ಲಿ ಬೇಡ, ಪುಟ್ಟ ತಮ್ಮನ ಎದುರಿಗಂತೂ ಬೇಡವೇ ಬೇಡ. ‘ಉಡುಗೊರೆ ಇಟ್ಟದ್ದು ನಾವು. ಇದು ಎಷ್ಟೋ ಮನೆಗಳಲ್ಲಿ ದೊಡ್ಡವರು ಮಕ್ಕಳಿಗಾಗಿ ಆಡುವ ಆಟ. ನೀನೇ ಕಂಡುಹಿಡಿದೆ ನೋಡು’ ಎಂದರೆ ಸಾಕು. ‘ಅಯ್ಯೋ, ಇಷ್ಟು ದಿನ ನಂಬಿಬಿಟ್ಟಿದ್ದೆಯಾ!’ ಎಂಬ ನಗು ಮಾತ್ರ ಬೇಡ. ಮಕ್ಕಳಿಗೆ ಚುಚ್ಚುವುದು ಅದು. ಮುಂದಿನ ಮಾತಿಗೆ ಸಾಂತಾ ಕತೆಯ ಮೂಲಪುರುಷ ನಿಕೋಲಸ್ ಸಂತನಿದ್ದಾನೆ: ನಾಲ್ಕನೇ ಶತಮಾನದಲ್ಲಿ, ಇಂದಿನ ಟರ್ಕಿಯಲ್ಲಿರುವ ಮೈರಾ ಎಂಬಲ್ಲಿ ಬಿಷಪ್ ಆಗಿದ್ದವನು, ಗುಟ್ಟಾಗಿ ದಾನ ಮಾಡುತ್ತಿದ್ದನೆಂದು ಹೆಸರಾದವನು. ಡಿಸೆಂಬರ್ 6 ಅವನ ಹಬ್ಬ.

1897ರ ಸೆಪ್ಟೆಂಬರ್‌ನಲ್ಲಿ ವರ್ಜೀನಿಯಾ ಎಂಬ ಎಂಟು ವರ್ಷದ ಹುಡುಗಿ ಇದೇ ಪ್ರಶ್ನೆಯನ್ನು ನ್ಯೂಯಾರ್ಕಿನ ‘ಸನ್’ ಪತ್ರಿಕೆಗೆ ಬರೆದು, ನಿಜ ಹೇಳಿ ಎಂದು ಬೇಡಿಕೊಂಡಿದ್ದಳು. ಸಾಂತಾ ಇದ್ದಾನೆ ಎಂದು ಪತ್ರಿಕೆ ಕೊಟ್ಟ ಉತ್ತರ ಜಗತ್ಪ್ರಸಿದ್ಧ. ಬರಹ ಸೊಗಸಾಗಿದೆ, ಒಪ್ಪಿದೆವು. ಆದರೆ ಹುಡುಗಿ ಕೇಳಿದ್ದು ಒಂದು, ಸಂಪಾದಕೀಯ ಹೇಳಿದ್ದು ಇನ್ನೊಂದು. ನಮ್ಮ ವೃತ್ತಿಯವರ ಹಳೇ ಚಾಳಿ.

ನಿಜವಾಗಿ ಎಡವಟ್ಟಾಗುವ ಕಡೆಗಳು ಬೇರೆ ಇವೆ. ಮೊದಲನೆಯದು ಬೆದರಿಕೆ. ‘ತಾತ ನೋಡ್ತಿದ್ದಾನೆ, ಹಟ ಮಾಡಿದ್ರೆ ಏನೂ ತರಲ್ಲ’ ಎಂದ ಕ್ಷಣದಿಂದ ಉಡುಗೊರೆಯ ತಾತ ಗುಮ್ಮನಾಗುತ್ತಾನೆ. ಹೇಳಿದಂತೆ ನೀವು ನಡೆದುಕೊಳ್ಳುವುದೂ ಇಲ್ಲ, ಅದು ಮಗುವಿಗೆ ಗೊತ್ತಾಗದೆಯೂ ಇರುವುದಿಲ್ಲ. ಎರಡನೆಯದು ದುಬಾರಿ ಉಡುಗೊರೆ. ಒಬ್ಬಳಿಗೆ ತಾತ ಸೈಕಲ್ ತಂದು, ಪಕ್ಕದ ಬೆಂಚಿನವಳಿಗೆ ಪೆನ್ಸಿಲ್ ಡಬ್ಬಿ ತಂದರೆ, ತಾನು ಕೆಟ್ಟವಳೆಂದು ಎರಡನೆಯವಳು ಲೆಕ್ಕ ಹಾಕುತ್ತಾಳೆ. ತಾತನ ಹೆಸರಲ್ಲಿ ಒಂದೇ ಒಂದು ಚಿಕ್ಕ ವಸ್ತು ಇರಲಿ, ಉಳಿದದ್ದು ನಿಮ್ಮ ಹೆಸರಲ್ಲಿ.

ಇನ್ನು ಹಲ್ಲಿನ ಕಿನ್ನರಿ, ಉದುರಿದ ಹಲ್ಲನ್ನು ರಾತ್ರಿ ದಿಂಬಿನಡಿಯಿಂದ ಒಯ್ದು ನಾಣ್ಯ ಇಟ್ಟು ಹೋಗುತ್ತಾಳೆಂದು ಮಕ್ಕಳು ನಂಬುವವಳು. ಅಕ್ಕಿಕಾಳಿನಷ್ಟು ಹಲ್ಲನ್ನು ಕತ್ತಲಲ್ಲಿ ದಿಂಬಿನಡಿ ತಡಕಿದರೆ ಮಗು ಎಚ್ಚರಾಗುತ್ತದೆ. ಚಿಕ್ಕ ಡಬ್ಬಿಯಲ್ಲಿ ಹಾಕಿ ಹಾಸಿಗೆಯ ಪಕ್ಕ ಇಡಿಸಿ. ನಾಣ್ಯ ಇಡಲು ಮರೆತಿರಾ? ಕಿನ್ನರಿಗೆ ಜ್ವರ, ದಾರಿಯಲ್ಲಿ ಮಳೆ ಎಂದು ಸುಳ್ಳಿನ ಮೇಲೆ ಸುಳ್ಳು ಹೆಣೆಯಬೇಡಿ. ‘ಇವತ್ತು ರಾತ್ರಿ ಮತ್ತೆ ಇಟ್ಟು ನೋಡೋಣ’ ಎಂದರಾಯಿತು.

ಕೊನೆಯದು, ನೀವು ಕೇಳಿದ್ದು: ಅನುಮಾನ ಬಂದ ಮೇಲೆ ಸಾಕ್ಷಿ ಸೃಷ್ಟಿಸುವುದು. ಐದು ವರ್ಷದವಳಿಗಾಗಿ ನೆಲದ ಮೇಲೆ ಹಿಟ್ಟು ಉದುರಿಸಿ ಹೆಜ್ಜೆ ಗುರುತು ಮಾಡುವುದು ಆಟ. ಸರಿಯಾಗಿ ಪತ್ತೆ ಹಚ್ಚಿದ ಮಗುವಿಗೆ ಅದೇ ಹೆಜ್ಜೆ ತೋರಿಸಿದರೆ, ನಿನ್ನ ಕಣ್ಣನ್ನು ನೀನು ನಂಬಬೇಡ ಎಂದಂತೆ. 2014ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ದೊಡ್ಡವರು ತಮಗೆ ಸುಳ್ಳು ಹೇಳಿದ್ದಾರೆಂದು ತಿಳಿದಿದ್ದ ಐದರಿಂದ ಏಳು ವರ್ಷದವರು, ಸುಳ್ಳು ಕೇಳದಿದ್ದ ಮಕ್ಕಳಿಗಿಂತ ಹೆಚ್ಚಾಗಿ ಮೋಸವನ್ನೂ ಮಾಡಿದರು, ಸುಳ್ಳನ್ನೂ ಹೇಳಿದರು. ಮೂರು ನಾಲ್ಕು ವರ್ಷದವರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಅಲ್ಲಿ ದೊಡ್ಡವರು ಹೇಳಿದ್ದು ಮಿಠಾಯಿ ಇದೆಯೆಂಬ ಸುಳ್ಳು, ಸಾಂತಾನ ಕತೆಯಲ್ಲ. ಆದರೂ ನಿಮ್ಮ ಮಗಳ ವಯಸ್ಸು ಆರೂವರೆ.

ಎಡಗೈ ಬೇಡ. ಮಾಮೂಲಿನಂತೆ ನಿಮ್ಮ ಅಕ್ಷರದಲ್ಲೇ ಬರೆಯಿರಿ, ಕೇಳಿದರೆ ಹೇಳಿ. ಆಮೇಲೆ ಅವಳು ಇಷ್ಟಪಟ್ಟರೆ ತಮ್ಮನಿಗೆ ಬರುವ ಕಾಗದವನ್ನು ಅವಳೇ ಬರೆಯಲಿ. ಅವನಿಗಿನ್ನೂ ಮೂರು ವರ್ಷ ಎಂದಿದ್ದೀರಿ. ಅಕ್ಷರ ಯಾರದೆಂದು ಸದ್ಯಕ್ಕಂತೂ ಅವನು ಕೇಳುವುದಿಲ್ಲ.

– ಸಂಪಾದಕರು