ಮಾತ್ರೆ ಹಾಕಿದರೂ ಸತ್ತ ಸಿಂಬಳದ ಹುಳು ಕಾಣ್ತಿಲ್ಲ ಅಂದಿದ್ದಕ್ಕೆ

ಐರನ್ ಫಾಸ್ಫೇಟ್ ಮಾತ್ರೆ ಹಾಕಿ ಎರಡು ದಿನ ಆದರೂ ಎಲೆಕೋಸಿನ ಮಡಿಯಲ್ಲಿ ಒಂದು ಹುಳುವೂ ಸತ್ತು ಬಿದ್ದಿಲ್ಲ, ನಕಲಿ ಮಾಲಾ ಅಂತ ಕೇಳಿದ್ದೀರಿ. ಬಹುಶಃ ನಕಲಿ ಅಲ್ಲ, ಅದು ಕೆಲಸ ಮಾಡೋದೇ ಹಾಗೆ. ಈ ಹುಳು ಎಲೆಯನ್ನು ಅರದಿಂದ ಉಜ್ಜಿದ ಹಾಗೆ ಕೆರೆದು ತಿನ್ನುತ್ತದೆ, ಹೊಟ್ಟೆಯ ಕಿಣ್ವಗಳು ಪಿಷ್ಟವನ್ನಷ್ಟೇ ಅಲ್ಲ, ಎಲೆಯ ನಾರನ್ನೂ ಕರಗಿಸುತ್ತವೆ. ಹುಳು ಮಾತ್ರೆ ತಿಂದಾಗ ಅದರಲ್ಲಿರುವ ಕಬ್ಬಿಣ ಪೆಟ್ಟು ಕೊಡೋದು ಈ ಕಿಣ್ವ ತಯಾರಾಗುವ ಜೀರ್ಣಗ್ರಂಥಿಗೇ. ತಿನ್ನೋದು ಬಿಟ್ಟು ಸಂದಿಗೊಂದಿ ಸೇರಿಕೊಂಡು 3ರಿಂದ 6 ದಿನದಲ್ಲಿ ಅಲ್ಲೇ ಸಾಯುತ್ತದೆ, ನಿಮಗೆ ಹೆಣ ಸಿಗೋದೇ ಕಡಿಮೆ.

ಹಾಗಾಗಿ ಹೆಣ ಎಣಿಸಬೇಡಿ, ಎಲೆ ನೋಡಿ. ಇವತ್ತು ಇರುವ ತೂತುಗಳ ಫೋಟೋ ತೆಗೆದಿಟ್ಟು ನಾಲ್ಕು ದಿನ ಬಿಟ್ಟು ಹೋಲಿಸಿ. ಮಾತ್ರೆಯನ್ನು ಗುಡ್ಡೆ ಹಾಕಬೇಡಿ, ಸಂಜೆ ನೀರು ಹಾಯಿಸಿದ ಮೇಲೆ ತೆಳುವಾಗಿ ಎರಚಿ, ಜೋರು ಮಳೆಗೆ ಕರಗಿದರೆ ಮತ್ತೆ ಹಾಕಿ. ಸಾಲಿನ ಮಧ್ಯೆ ಒದ್ದೆ ಗೋಣಿಚೀಲ ಹಾಸಿ, ಬೆಳಿಗ್ಗೆ ಎತ್ತಿದರೆ ಅಡಿಯಲ್ಲಿ ಅಂಟಿಕೊಂಡಿರುತ್ತವೆ, ಆರಿಸಿ ಸೋಪಿನ ನೀರಿಗೆ ಹಾಕಿ. ಬರಿಗೈಯಲ್ಲಿ ಮಾತ್ರ ಮುಟ್ಟಬೇಡಿ, ಇವುಗಳಲ್ಲಿ ಮಿದುಳಿಗೆ ತೊಂದರೆ ಕೊಡುವ ಪರಾವಲಂಬಿ ಹುಳ ಇರಬಹುದು.

ಎಲೆ ಮೇಲೆ ಒಣಗಿದ ಹೊಳೆಯುವ ಲೋಳೆ ಗೆರೆ ಇಲ್ಲದೆ ಬರೀ ತೂತು, ಹಸಿರು ಹಿಕ್ಕೆ ಇದ್ದರೆ ಅದು ಕಂಬಳಿಹುಳ ಇರಬೇಕು, ಅದಕ್ಕೆ ಈ ಮಾತ್ರೆ ಸುಮ್ನೆ ದಂಡ.