ಸಿಟ್ಟಿಗೂ ಒಂದು ಕಿಣ್ವ ಇದೆಯಾ?

ಓದುಗರ ಪತ್ರ: ಕಳೆದ ಸಂಚಿಕೆಯಲ್ಲಿ ‘ಸಿಟ್ಟಿನ ಕಿಣ್ವ ಸಿಕ್ಕಿತು!’ ಓದಿದೆ. ಮಿದುಳಿನಲ್ಲಿ ಎಂಎಒ-ಎ ಎಂಬ ಕಿಣ್ವ ಇಲ್ಲದ ಇಲಿಗಳು ಕಚ್ಚಾಡುತ್ತವಂತೆ. ನನ್ನ ಮೊಮ್ಮಗನಿಗೆ 11 ವರ್ಷ. ದಿನಾ ಹೊಡೆದಾಟದ ದೂರು. ಅವನಿಗೂ ಆ ಕಿಣ್ವ ಕಡಿಮೆ ಇರಬಹುದೇ? ರಕ್ತ ಪರೀಕ್ಷೆ ಮಾಡಿಸಲೇ? ಈ ಜೂನ್‌ನಲ್ಲಿ ಅವನನ್ನು ಹೊಸ ಶಾಲೆಗೆ ಸೇರಿಸಿದ್ದೇವೆ.
– ಒಬ್ಬ ನಿವೃತ್ತ ಶಿಕ್ಷಕ

ಸಂಪಾದಕರ ಉತ್ತರ:

ನಮಸ್ಕಾರ ಮೇಷ್ಟ್ರೇ. ಮೊದಲು ತಪ್ಪೊಪ್ಪಿಗೆ. ಆ ತಲೆಬರಹ ಲೇಖಕರದ್ದಲ್ಲ, ನನ್ನದು. ಪುಟ ಅಚ್ಚಿಗೆ ಹೋಗುವ ಹೊತ್ತು, ಕಣ್ಣಿಗೆ ಹೊಡೆಯುವಂಥದ್ದು ಬೇಕಿತ್ತು, ಹಾಕಿಬಿಟ್ಟೆ. ಅದರಿಂದ ಒಬ್ಬ ಅಜ್ಜನ ನಿದ್ದೆ ಕೆಡುತ್ತದೆ ಅಂತ ಹೊಳೆಯಲಿಲ್ಲ.

ಆ ಇಲಿಗಳು ಹುಟ್ಟಿದ್ದೇ ಆಕಸ್ಮಿಕವಾಗಿ. ಫ್ರಾನ್ಸಿನ ವಿಜ್ಞಾನಿಗಳು ಇಂಟರ್‌ಫೆರಾನ್ ಎಂಬ ಪ್ರೋಟೀನಿನ ಜೀನನ್ನು ಇಲಿಯ ಭ್ರೂಣಕ್ಕೆ ಸೇರಿಸಿದ್ದರು. ಅದು ಹೋಗಿ ಕೂತಿದ್ದು ಎಂಎಒ-ಎ ಜೀನಿನ ನಡುವೆ. ಆ ಜೀನು ಕೆಟ್ಟಿತು, ಕಿಣ್ವ ತಯಾರಾಗಲೇ ಇಲ್ಲ. ಒಟ್ಟಿಗೆ ಇಟ್ಟ ಗಂಡಿಲಿಗಳ ಮೈಮೇಲೆ ಕಚ್ಚಿದ ಗಾಯ ಕಾಣತೊಡಗಿದವು. 1995ರಲ್ಲಿ ಇದು ಪ್ರಕಟವಾಯಿತು.

ಈ ಕಿಣ್ವದ ಕೆಲಸ ಏನು? ನರಕೋಶಗಳ ನಡುವೆ ಸುದ್ದಿ ಒಯ್ಯುವ ಸೆರೊಟೋನಿನ್‌ನಂಥ ರಾಸಾಯನಿಕಗಳನ್ನು ಕೆಲಸ ಮುಗಿದ ಮೇಲೆ ಒಡೆದು ಹಾಕುವುದು. ಮದುವೆಮನೆಯಲ್ಲಿ ಎಲೆ ಎತ್ತುವವರ ಹಾಗೆ. ಅವರೇ ಬರದಿದ್ದರೆ ಮುಂದಿನ ಪಂಕ್ತಿ ಕೂರುವುದೆಲ್ಲಿ? ಆ ಇಲಿಮರಿಗಳ ಮಿದುಳಿನಲ್ಲಿ ಸೆರೊಟೋನಿನ್ ಮಾಮೂಲಿಗಿಂತ 9 ಪಟ್ಟಿನವರೆಗೂ ಏರಿತ್ತು.

ಮರಿಗಳ ಮಿದುಳು ಅಂದೆ, ಗಮನಿಸಿ. ಕಳೆದ ಸಂಚಿಕೆಯಲ್ಲಿ ನಾವು ಬರೆಯದೆ ಬಿಟ್ಟಿದ್ದು ಇದನ್ನೇ. ಇಲಿಯ ಮಿದುಳಿನ ಹೊರಪದರದಲ್ಲಿ ಮೀಸೆಯ ಒಂದೊಂದು ಕೂದಲಿಗೂ ಒಂದೊಂದು ಪುಟ್ಟ ಜಾಗ ಇರುತ್ತದೆ. ಈ ಇಲಿಗಳಲ್ಲಿ ಆ ನಕ್ಷೆಯೇ ಮೂಡಿರಲಿಲ್ಲ. ಹುಟ್ಟಿದ ಮೊದಲ ದಿನಗಳಲ್ಲಿ ಔಷಧ ಕೊಟ್ಟು ಸೆರೊಟೋನಿನ್ ತಯಾರಿ ತಡೆದಾಗ ನಕ್ಷೆ ಮೂಡಿತು. ಅಂದರೆ ಕಿಣ್ವ ಇಲ್ಲದೆ ಬೆಳೆದ ಮಿದುಳೇ ಬೇರೆ ಥರ. ಸಿಟ್ಟು ಅದರ ಒಂದು ಮುಖ ಅಷ್ಟೇ.

ದೊಡ್ಡವರಲ್ಲಿ ಇದೇ ಕಿಣ್ವವನ್ನು ತಡೆದರೆ? ಅದನ್ನು ಮನುಷ್ಯರೇ ಮಾಡಿ ನೋಡಿದ್ದಾರೆ, ಅದೂ ಗೊತ್ತಿಲ್ಲದೆ. 1950ರ ದಶಕದ ಆರಂಭದಲ್ಲಿ ನ್ಯೂಯಾರ್ಕಿನ ಸೀ ವ್ಯೂ ಆಸ್ಪತ್ರೆಯಲ್ಲಿ ಕ್ಷಯರೋಗಿಗಳಿಗೆ ಇಪ್ರೊನಿಯಜಿಡ್ ಎಂಬ ಮದ್ದು ಕೊಟ್ಟರು. ಹಾಸಿಗೆ ಹಿಡಿದವರು ಗೆಲುವಾದರು, ಊಟ ಜಾಸ್ತಿ ಕೇಳತೊಡಗಿದರು. ಮದ್ದು ಈ ಕಿಣ್ವವನ್ನೇ ತಡೆಯುತ್ತಿತ್ತು. ಆಮೇಲೆ ಅದನ್ನು ಖಿನ್ನತೆಗೂ ಕೊಟ್ಟರು. ತಗೊಂಡವರೆಲ್ಲ ಕಚ್ಚಾಟಕ್ಕೆ ಇಳಿದಿದ್ದರೆ ಯಾವ ಡಾಕ್ಟರು ಚೀಟಿ ಬರೆಯುತ್ತಿದ್ದರು ಹೇಳಿ?

ಇಲಿಗಳಲ್ಲಿ ಸೂಕ್ಷ್ಮ ಕಾಲ ಯಾವುದೆಂದೂ ಹುಡುಕಿದ್ದಾರೆ. ಹುಟ್ಟಿ 22ರಿಂದ 41ನೇ ದಿನದವರೆಗೆ, ಅಂದರೆ ಹರೆಯದ ಆಸುಪಾಸಿನಲ್ಲಿ, ಮದ್ದಿನಿಂದ ಕಿಣ್ವ ತಡೆದರೆ ದೊಡ್ಡದಾದ ಮೇಲೆ ಜಗಳ ಜಾಸ್ತಿ. ಮೊಮ್ಮಗನ ವಯಸ್ಸು ನೆನಪಾಗಿ ಗಾಬರಿಯಾಗಬೇಡಿ. ಅವನ ಕಿಣ್ವವನ್ನು ಯಾರೂ ತಡೆದಿಲ್ಲ, ಅಲ್ವಾ?

ಹುಟ್ಟಿನಿಂದಲೇ ಈ ಕಿಣ್ವ ಕೆಲಸ ಮಾಡದ ಮನುಷ್ಯರೂ ಇದ್ದಾರೆ. 1993ರಲ್ಲಿ ನೆದರ್‌ಲ್ಯಾಂಡ್ಸ್‌ನ ಒಂದು ಕುಟುಂಬದ ಗಂಡಸರಲ್ಲಿ ಇದು ಪತ್ತೆಯಾಯಿತು. ಅವರಿಗೆ ಸಿಟ್ಟಿನ ಜೊತೆ ಬುದ್ಧಿ ಬೆಳವಣಿಗೆಯಲ್ಲೂ ಕೊರತೆ ಇತ್ತು. ಅಂಥ ಕುಟುಂಬಗಳು ತೀರಾ ಅಪರೂಪ. ಹುಡುಗ ಹೊಡೆದಾಡುತ್ತಾನೆ ಅಂತಷ್ಟೇ ಈ ಪರೀಕ್ಷೆಗೆ ಓಡಿದರೆ ದುಡ್ಡು ದಂಡ.

ಇಲಿಯ ಸಿಟ್ಟು ಅಳೆಯುವುದು ಹೇಗೆ ಗೊತ್ತಾ? ಗಂಡಿಲಿಯೊಂದನ್ನು ಅದರದೇ ಗೂಡಿನಲ್ಲಿ ಇರಲು ಬಿಟ್ಟು, ಒಳಗೆ ಹೊಸ ಇಲಿಯೊಂದನ್ನು ಬಿಡುತ್ತಾರೆ. ಗೂಡಿನ ಇಲಿ ಎಷ್ಟು ಸೆಕೆಂಡಿಗೆ ಮೈಮೇಲೆ ಬೀಳುತ್ತದೆ ನೋಡುತ್ತಾರೆ. ಗೂಡು ಯಾರದ್ದು, ಹೊಸಬರು ಯಾರು ಅನ್ನುವುದು ಪರೀಕ್ಷೆಯ ಒಳಗೇ ಇದೆ.

ನಿಮ್ಮ ಪತ್ರದ ಕೊನೆಯ ಸಾಲನ್ನು ನಾನು ಎರಡು ಸಲ ಓದಿದೆ. ಆ ಶಾಲೆಯಲ್ಲಿ ಹೊಸಬ ಅವನೇ. ಎರಡು ವಾರ ಸುಮ್ನೆ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ: ಯಾವ ಹೊತ್ತಿಗೆ, ಯಾರ ಜೊತೆ, ಮೊದಲು ಕೈ ಎತ್ತಿದ್ದು ಯಾರು. ಅದನ್ನು ಹಿಡಿದುಕೊಂಡು ಕ್ಲಾಸ್ ಟೀಚರ್ ಹತ್ತಿರ ಹೋಗಿ ಕೂತು ಮಾತಾಡಿ. ಏನಾಯಿತು ಅಂತ ನಮಗೂ ಬರೆಯಿರಿ.